ಶೇಂಗಾ ಹಿಂಡಿಯೂ ದೇವಗಿರಿಯ ತೋಪೂ

ಈ ಸಭೆಯ ಅಧ್ಯಕ್ಷತೆ ವಹಿಸಿ, ನಾನು ಮೈಕಿನ ಮುಂದೆ ಬಂದು ನಿಂತ ಕೂಡಲೇ ಮುಖದಲ್ಲಿ ಸ್ವಲ್ಪ ಚಿಂತೆ ತಂದುಕೊಂಡಿರುವ ನಮ್ಮ ಕನ್ನಡ ಸಂಘದ ಅಧ್ಯಕ್ಷರಾದ ವಿಶ್ವನಾಥಪ್ಪನವರೇ, ಛತ್ರಪತಿ ಸಂಭಾಜಿನಗರದಿಂದ ಕಾರು ಮಾಡಿಕೊಂಡು ಬಂದಿರುವ ಇಂದಿನ ಮುಖ್ಯ ಅತಿಥಿ, ನನ್ನ ಕಣ್ಣೆದುರಿಗೇ ಬೆಳೆದ ಯಶವಂತ ಅವರೇ, ಅವರ ಕಂಪನಿಯ ಬರಹಗಾರ್ತಿ ರುಚಿತಾ ಅವರೇ, ನಾಸಿಕ್ ರೋಡಿನ, ದೇವಳಾಲಿಯ, ದ್ರಾಕ್ಷಿ ತೋಟದ ಕೆಲಸ ಬಿಟ್ಟು ನಿಫಾಡಿನಿಂದಲೂ ಬಂದಿರುವ ಕನ್ನಡ ಬಾಂಧವರೇ, ತಾಯಂದಿರೇ, ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರ ಕೊಡುವ ನಮ್ಮ ಮಕ್ಕಳೇ, ಸಭಿಕರೇ,

ಎರಡು ಮಾತಾಡಿ, ಗುಂಡಿ ಒತ್ತಿ, ಶಾಲು ಹೊದ್ದುಕೊಂಡು ಕೂತುಬಿಡಿ ಎಂದು ವಿಶ್ವನಾಥಪ್ಪನವರು ನನಗೆ ಹೇಳಿದ್ದಾರೆ. ಅವರ ಮೇಲೆ ನನಗೆ ಅಪಾರ ಗೌರವ. ವಿತ್ ಡ್ಯೂ ರಿಸ್ಪೆಕ್ಟ್, ಎರಡು ಮಾತಿಗೆ ಮುಗಿಯುವ ವಿಷಯ ಇದಲ್ಲ.

ಗುಂಡಿ ಯಾವುದು ಎಂದರೆ, ಈ ಮೇಜಿನ ಮೇಲೆ ಸೇವಂತಿಗೆ ಹಾರ ಹಾಕಿಸಿಕೊಂಡು ಕೂತಿದೆಯಲ್ಲ, ಆ ಲ್ಯಾಪ್‌ಟಾಪಿನ ಗುಂಡಿ. ಯಶವಂತನ ಕಂಪನಿ ‘ದೇವಗಿರಿ: ಕೊನೆಯ ಬಾಗಿಲು’ ಎಂಬ ಯುದ್ಧದ ವಿಡಿಯೊ ಗೇಮ್ ಮಾಡಿದೆ. ಏಳುನೂರು ವರ್ಷಗಳ ಹಿಂದೆ ಯಾದವರ ದೇವಗಿರಿಗೆ ಉತ್ತರದ ಸೈನ್ಯ ಮುತ್ತಿಗೆ ಹಾಕಿದ ಕಥೆ. ನಾವೆಲ್ಲ ದೌಲತಾಬಾದ್ ಎಂದು ಕರೆದು, ಭಾನುವಾರ ಬುತ್ತಿ ಕಟ್ಟಿಕೊಂಡು ಹತ್ತಿ ಇಳಿಯುವ ಕೋಟೆಯೇ ಅದು. ಆ ಆಟದಲ್ಲಿ ಇತಿಹಾಸದ ತಪ್ಪುಗಳಿವೆ ಎಂದು ಇಂಟರ್‌ನೆಟ್ಟಿನಲ್ಲಿ ಗದ್ದಲವಾಯಿತು. ತಪ್ಪು ತಿದ್ದಿದ ಹೊಸ ಆವೃತ್ತಿ ಇವತ್ತು ಈ ವೇದಿಕೆಯಿಂದ ಬಿಡುಗಡೆ. ನಾನು ಗುಂಡಿ ಒತ್ತಿದರೆ, ಎಲ್ಲರ ಯಂತ್ರದಲ್ಲಿರುವ ಹಳೆಯದು ಅಳಿದು ಹೊಸದು ಬಂದು ಕೂರುತ್ತದೆ. ಹಾಗೆ ಅಳಿಯಲಿರುವ ತಪ್ಪುಗಳಲ್ಲಿ ಒಂದು, ನನ್ನ ಹೆಂಡತಿ.

ನಗಬೇಕೆನಿಸಿದರೆ ನಗಿರಿ. ಅವಳಿದ್ದಿದ್ದರೆ ಅವಳೂ ನಗುತ್ತಿದ್ದಳು.

ನನ್ನ ಹೆಂಡತಿಯ ಹೆಸರು ಮಹಾನಂದಾ. ಆಳಂದದ ಕಡೆಯವಳು. ನಾನು ಕಲಬುರಗಿಯಲ್ಲಿ ಬಿ.ಎ. ಮಾಡಿದವನು, ಹಿಸ್ಟರಿ ಮೇಜರ್, ಇಂಗ್ಲಿಷ್ ಕಂಪಲ್ಸರಿ, ಕ್ಲಾಸು ಕೇಳಬೇಡಿ. ಇತಿಹಾಸ ಓದಿದವನಿಗೆ ಸಂಭಾಜಿನಗರದ ಪಕ್ಕದ ವಾಳೂಜಿನ ಕಾರ್ಖಾನೆಯೊಂದರ ಸ್ಟೋರಿನಲ್ಲಿ ನಟ್ಟು ಬೋಲ್ಟು ಕೊಡುವ ಕೆಲಸ ಸಿಕ್ಕಿತು. ಮದುವೆಯಾಗಿ ಅವಳು ಬಂದಾಗ ಮರಾಠಿಯ ಒಂದು ಅಕ್ಷರವೂ ಅವಳಿಗೆ ಬರುತ್ತಿರಲಿಲ್ಲ. ಆರು ತಿಂಗಳಲ್ಲಿ ಸಂತೆಯ ಹೆಂಗಸರ ಜೊತೆ ಚೌಕಾಸಿ ಮಾಡಿ, ಜಗಳ ಮಾಡಿ, ರಾಜಿ ಮಾಡಿಕೊಂಡು, ಅವರ ಮನೆಯ ಬಾಣಂತನಕ್ಕೆ ಹೋಗಿ ಬರುವಷ್ಟು ಕಲಿತಳು. ನಾನು ಮೂವತ್ತು ವರ್ಷವಾದ ಮೇಲೂ ಬಸ್ಸಿನಲ್ಲಿ ಟಿಕೆಟ್ ಕೇಳುವಾಗ ಹಿಂದಿಗೆ ಹೊರಳುತ್ತಿದ್ದೆ. ಇರಲಿ.

ಯಶವಂತ ನನ್ನ ಜೊತೆ ಸ್ಟೋರಿನಲ್ಲಿದ್ದ ಬೀದರಿನ ಶಿವಲಿಂಗನ ಮಗ. ನಮ್ಮ ಮನೆಯ ಎದುರು ಸಾಲಿನಲ್ಲೇ ಇದ್ದವನು. ಶಾಲೆ ಬಿಟ್ಟು ಬಂದವನು ಸ್ವಂತ ಮನೆಯ ಬಾಗಿಲಿಗಿಂತ ಮೊದಲು ನಮ್ಮ ಮನೆಯ ಬಾಗಿಲು ತಟ್ಟುತ್ತಿದ್ದ. ಇದನ್ನು ಅವನಿಗೆ ಮುಜುಗರವಾಗಲಿ ಎಂದು ಹೇಳುತ್ತಿಲ್ಲ. ಮುಖ್ಯ ಅತಿಥಿಗಳ ಪರಿಚಯ ಪತ್ರದಲ್ಲಿ ಈ ಸಾಲು ಬಿಟ್ಟುಹೋಗಿತ್ತು, ಸೇರಿಸಿದೆ ಅಷ್ಟೆ.

ಆಟ ಮಾಡಲು ಹೊರಟಾಗ ಯಶವಂತನಿಗೆ ಒಂದು ಒಳ್ಳೆಯ ಯೋಚನೆ ಬಂತು. ಯಾದವರ ಕಾಲದ ಶಾಸನಗಳಲ್ಲಿ ಮರಾಠಿಯ ಜೊತೆ ಕನ್ನಡವೂ ಇದೆ, ಆದ್ದರಿಂದ ಕೋಟೆಯೊಳಗೆ ಕೆಲವರು ಕನ್ನಡ ಮಾತಾಡಲಿ ಎಂದು. ಎಷ್ಟು ಜನಕ್ಕೆ ಈ ಧೈರ್ಯ ಬರುತ್ತದೆ? ಅದಕ್ಕಾಗಿ ಸಂಘ ಅವನನ್ನು ಸನ್ಮಾನಿಸುತ್ತಿರುವುದು ನ್ಯಾಯವೇ. ಆದರೆ ಸಂಭಾಜಿನಗರದಲ್ಲಿ ಹುಟ್ಟಿ ಬೆಳೆದ ಮಕ್ಕಳ ಬಾಯಲ್ಲಿ ಕನ್ನಡ ಹೊರಡುವುದು ಕಷ್ಟ. ಕೋಟೆಯ ಕೆಳಗಿನ ಅಂಗಳದಲ್ಲಿ ಒಲೆ ಹೂಡಿಕೊಂಡು ಸೈನಿಕರಿಗೆ ರೊಟ್ಟಿ ಬಡಿಯುವ ಹೆಂಗಸೊಬ್ಬಳು ಬೇಕಿದ್ದಳು. ಮನೆಗೆ ಬಂದು, ಚಿಕ್ಕಮ್ಮನನ್ನು ಕರೆಯುವ ಹಾಗೆ, ಕಾಕು, ನೀವೇ ದನಿ ಕೊಡಬೇಕು ಎಂದ. ಅವಳು ಎಷ್ಟು ಹೊತ್ತಿನ ಕೆಲಸ ಎಂದು ಕೇಳಿದಳು, ಊಟ ಮಾಡಿದ್ದೀಯಾ ಎಂದು ಕೇಳಿದಳು, ಒಪ್ಪಿಕೊಂಡಳು.

ರೆಕಾರ್ಡಿಂಗ್ ಎಂದರೆ ಏನೋ ದೊಡ್ಡ ಸ್ಟುಡಿಯೊ ಎಂದು ಇಸ್ತ್ರಿ ಸೀರೆ ಉಟ್ಟುಕೊಂಡು, ಬುತ್ತಿ ಕಟ್ಟಿಕೊಂಡು, ನನ್ನನ್ನೂ ಕರೆದುಕೊಂಡು ಹೋದಳು. ವಾಳೂಜಿನ ಒಂದು ಶೆಡ್ಡಿನ ಮೇಲಿನ ಕೋಣೆ. ಗೋಡೆಗೆಲ್ಲ ಹಾಸಿಗೆ ಬಡಿದಿದ್ದರು. ಪಕ್ಕದ ಶೆಡ್ಡಿನಲ್ಲಿ ತಗಡು ಒತ್ತುವ ಯಂತ್ರ. ಇವಳು ಬಾಯಿ ತೆರೆದಾಗಲೆಲ್ಲ ಅದು ಧಡ್ ಎನ್ನುತ್ತಿತ್ತು. ರುಚಿತಾ ಬರೆದುಕೊಟ್ಟ ಸಾಲು ಹೀಗಿತ್ತು: ‘ಓ ವೀರ ಯೋಧನೇ, ಈ ಆಹಾರವನ್ನು ಸ್ವೀಕರಿಸಿ ಶಕ್ತಿಶಾಲಿಯಾಗು.’ ರುಚಿತಾ, ಬೇಸರ ಮಾಡಿಕೊಳ್ಳಬೇಡಮ್ಮ, ನೀನು ಆಮೇಲೆ ಎಷ್ಟೋ ಚೆನ್ನಾಗಿ ಬರೆದಿದ್ದೀಯ. ಮಹಾನಂದಾ ಕಾಗದ ನೋಡಿ ನನ್ನ ಕಡೆ ತಿರುಗಿದಳು.

“ಹಿಂಗಂದ್ರ ಹಸದವನೂ ಹೆದರಿ ಓಡಿ ಹೋಗ್ತಾನರಿ.”

ಹೇಗೋ ನಾಲ್ಕಾರು ಸಲ ಓದಿದಳು. ಪ್ರತಿ ಸಲವೂ ಧಡ್. ಧ್ವನಿ ಹಿಡಿಯುವವನು ಸ್ವರೂಪ್ ಅಂತ, ಎದೆಯವರೆಗೆ ಗಡ್ಡ ಬಿಟ್ಟ ಗಂಡಸು, ಬೆಳಗಿನಿಂದ ಚಹಾದ ಮೇಲೆಯೇ ಇದ್ದ. ಅವನಿಗೆ ತಲೆ ಕೆಟ್ಟಿತು. ಕಿವಿಯ ಮೇಲಿನದನ್ನು ಕಿತ್ತಿಟ್ಟು, ಆ ತಗಡಿನವನನ್ನು ಇವತ್ತು ಬಿಡುವುದಿಲ್ಲ ಎಂದು ಬಾಗಿಲಿಗೆ ನಡೆದ. ಇವಳು ಅವನ ತೋಳು ಹಿಡಿದು ನಿಲ್ಲಿಸಿದಳು. ಧ್ವನಿ ಹಿಡಿಯುವ ಯಂತ್ರ ಬಂದ್ ಮಾಡುವುದು ಅವನಿಗೆ ಮರೆತಿತ್ತು. ಆ ಹೊತ್ತಿಗೆ ತಗಡಿನ ಯಂತ್ರವೂ ಸುಮ್ಮನಾಗಿತ್ತು. ಅವರಿಗೂ ಊಟದ ಹೊತ್ತು. ಅವಳು ಅವನಿಗೆ ಹೇಳಿದ್ದನ್ನು ನಮ್ಮ ಯಂತ್ರ ಅಚ್ಚುಕಟ್ಟಾಗಿ ಹಿಡಿದುಕೊಂಡಿತು.

“ಉಂಡು ಹೋಗೋ ತಮ್ಮಾ. ಖಾಲಿ ಹೊಟ್ಟಿಲೇ ಹೋಗಿ ಯಾರ ಕೂಡ ಜಗಳಾ ತಗೀತಿ? ರೊಟ್ಟಿ ಮೆತ್ತಗವ, ಶೇಂಗಾದ ಹಿಂಡಿ ಹಚ್ಚೀನಿ. ಮೆಣಸಿನಕಾಯಿ ಸ್ವಲ್ಪ ಜಾಸ್ತಿ ಬಿದ್ದಾವ, ನೋಡ್ಕೊಂಡು ತಿನ್ನು.”

ಸ್ವರೂಪ್ ನೆಲದ ಮೇಲೆ ಕೂತು ತಿಂದ. ಆ ಚಟ್ನಿಪುಡಿಯಲ್ಲಿ ಮೆಣಸಿನಕಾಯಿ ನಿಜವಾಗಿಯೂ ಜಾಸ್ತಿಯಿತ್ತು, ಕಣ್ಣು ಒರೆಸಿಕೊಳ್ಳುತ್ತ ತಿಂದ. ಸಂಜೆ ರುಚಿತಾ ಎಲ್ಲವನ್ನೂ ತಿರುಗಿ ಕೇಳಿ, ತಾನು ಬರೆದ ಸಾಲನ್ನು ಹರಿದು ಹಾಕಿ, ಇದನ್ನೇ ಇಡೋಣ ಎಂದಳು. ಬರೆದವರು ತಾವು ಬರೆದದ್ದನ್ನು ಹರಿಯುವುದು ಸಣ್ಣ ಮಾತಲ್ಲ. ನಮ್ಮಲ್ಲಿ ಭಾಷಣ ಮಾಡುವವರಿಗೂ ಆ ಗುಣ ಬರಲಿ ಎಂದು ವಿಶ್ವನಾಥಪ್ಪನವರು ಈಗ ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದಾರೆ.

ಟು ಕಟ್ ದಿ ಲಾಂಗ್ ಸ್ಟೋರಿ, ಆಟ ಹೊರಗೆ ಬರುವ ಮೊದಲೇ ಮಹಾನಂದಾ ಲಿಂಗೈಕ್ಯಳಾದಳು. ಅದರ ಬಗ್ಗೆ ಈ ವೇದಿಕೆಯಲ್ಲಿ ಮಾತು ಬೇಡ. ನಾನು ಸಂಭಾಜಿನಗರದ ಮನೆ ಖಾಲಿ ಮಾಡಿ ಇಲ್ಲಿ ನಾಸಿಕ್ ರೋಡಿನಲ್ಲಿರುವ ಮಗಳು ಪ್ರಜ್ಞಾಳ ಮನೆಗೆ ಬಂದೆ. ಒಂದು ಸಾಯಂಕಾಲ ಮೊಮ್ಮಗಳು ಮಾನ್ಯಾ ಒಳಗಿನ ಕೋಣೆಯಲ್ಲಿ ಕಂಪ್ಯೂಟರ್ ಹಾಕಿಕೊಂಡು ಕೂತಿದ್ದಳು. ನಾನು ಹೊರಗೆ ಪೇಪರು ಓದುತ್ತಿದ್ದೆ. ಉಂಡು ಹೋಗೋ ತಮ್ಮಾ ಎಂದು ಒಳಗಿನಿಂದ ಕೇಳಿತು. ನಾನು ಪೇಪರು ಮಡಚಿಟ್ಟು, ಬಂದೆ ಎಂದು ಎದ್ದೆ. ಅಷ್ಟೇ. ಅದರಲ್ಲಿ ವಿಶೇಷ ಏನೂ ಇಲ್ಲ. ಕರೆದಾಗ ಏಳುವುದು ಮನುಷ್ಯನ ಅಭ್ಯಾಸ.

ಆಟಕ್ಕೆ ಬರೋಣ. ಆಟ ಎಲ್ಲೆಲ್ಲಿಗೋ ಹೋಯಿತು. ಹೊರದೇಶದ ಹುಡುಗರೂ ಪರದೆಯ ಕೆಳಗಿನ ಇಂಗ್ಲಿಷ್ ಓದಿಕೊಂಡು ಆಡಿದರು. ಮೊದಲ ದೂರು ಬಂದದ್ದು ಪೆರು ದೇಶದಿಂದ. ಇಲ್ಲಿ ಮರಾಠಿಯಲ್ಲಿ ಪೇರೂ ಎಂದರೆ ಪೇರಲಹಣ್ಣು. ಮಾನ್ಯಾ ಬಂದು ಹೇಳಿದಾಗ ಹಣ್ಣಿನ ಗಾಡಿಯವನದು ಏನು ದೂರು ಎಂದು ನಾನು ಕೇಳಿದೆ. ಆ ದೇಶದ ಯಾರೋ ಹುಡುಗ ಬಹಳ ಮರ್ಯಾದೆಯಿಂದ ಬರೆದಿದ್ದ. ಶೇಂಗಾ ಮತ್ತು ಮೆಣಸಿನಕಾಯಿ ನಮ್ಮ ಕಡೆಯ ಮಣ್ಣಿನ ಬೆಳೆಗಳು, ಹಡಗಿನವರು ಅವನ್ನು ನಿಮ್ಮ ದೇಶಕ್ಕೆ ತಂದದ್ದು ಈ ಮುತ್ತಿಗೆಯಾಗಿ ಇನ್ನೂರು ವರ್ಷಗಳ ಮೇಲೆ, ನಿಮ್ಮ ಅಜ್ಜಿಗೆ ಅದು ಮೊದಲೇ ಹೇಗೆ ಸಿಕ್ಕಿತು?

ಅವನು ಹೇಳಿದ್ದು ಸರಿ. ನೂರಕ್ಕೆ ನೂರು ಸರಿ. ಅನಾಕ್ರಾನಿಸಂ ಎಂದು ಇದಕ್ಕೆ ಇಂಗ್ಲಿಷಿನಲ್ಲಿ ಹೆಸರು. ನಮ್ಮ ಪ್ರೊಫೆಸರು ಬೋರ್ಡಿನ ಮೇಲೆ ಬರೆದಿದ್ದರು, ಸ್ಪೆಲ್ಲಿಂಗ್ ಮರೆತಿದೆ, ಅರ್ಥ ಉಳಿದಿದೆ. ಸಭಿಕರೇ, ನೀವೇ ಹೇಳಿ, ನಮ್ಮ ಕಡೆಯ ಯಾರಿಗಾದರೂ ಶೇಂಗಾ ಹಿಂಡಿ ಇಲ್ಲದ ಕಾಲವೊಂದಿತ್ತು ಎಂದು ಎಂದಾದರೂ ಅನಿಸಿತ್ತೇ? ರೊಟ್ಟಿ ಹುಟ್ಟಿದ ದಿನವೇ ಹಿಂಡಿಯೂ ಹುಟ್ಟಿತು ಎಂದು ತಾನೇ ನಾವು ತಿಳಿದಿರುವುದು? ಇತಿಹಾಸ ಓದಿದ ನಾನು ಆ ಕೋಣೆಯಲ್ಲೇ ಇದ್ದೆ. ನನಗೂ ಹೊಳೆಯಲಿಲ್ಲ. ನಾನೂ ಒಂದು ರೊಟ್ಟಿ ತಿಂದೆ.

ಆಮೇಲೆ ನಮ್ಮವರೂ ಸೇರಿಕೊಂಡರು. ನಮ್ಮ ಇತಿಹಾಸಕ್ಕೆ ಅವಮಾನ ಎಂದರು. ಒಬ್ಬರು ವಿಡಿಯೊ ಮಾಡಿ ಅರ್ಧ ಗಂಟೆ ಬರೀ ಶೇಂಗಾದ ಮೇಲೆ ಮಾತಾಡಿದರು. ಹಿಂದಿನ ತಿಂಗಳು ಯಶವಂತ ನನಗೆ ಫೋನ್ ಮಾಡಿದ. ಕಾಕಾ, ಬೇಜಾರ ಮಾಡ್ಕೋಬ್ಯಾಡ್ರಿ ಎಂದು ಶುರು ಮಾಡಿದ. ಹಾಗೆ ಶುರುವಾದ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಎಲ್ಲರಿಗೂ ಗೊತ್ತು. ಪುಣೆಯ ಒಬ್ಬ ಕಲಾವಿದೆಯಿಂದ ಹೊಸದಾಗಿ ಮಾತಾಡಿಸಿದ್ದಾರಂತೆ. ನನಗೆ ಕೇಳಿಸಿದ. ‘ಬನ್ನಿ ಯೋಧರೇ, ಎಳ್ಳಿನ ಹಿಂಡಿ ಸಿದ್ಧವಾಗಿದೆ, ಕರಿಮೆಣಸು ಬೆರೆಸಿದ್ದೇನೆ.’ ದನಿ ಚೆನ್ನಾಗಿದೆ, ರೇಡಿಯೊದಲ್ಲಿ ವಾರ್ತೆ ಓದಿದ ಹಾಗೆ. ಎಳ್ಳು ಸರಿ, ಕರಿಮೆಣಸು ಸರಿ, ಒಂದು ತಪ್ಪು ಹಿಡಿಯುವ ಹಾಗಿಲ್ಲ. ಆದರೆ ಆ ದನಿ ಕೇಳಿ ಯಾವ ಗಂಡಸೂ ಚಪ್ಪಲಿ ಬಿಟ್ಟು ಕೂರುವುದಿಲ್ಲ.

ನಾನು ಯಶವಂತನಿಗೆ ಒಂದೇ ಪ್ರಶ್ನೆ ಕೇಳಿದೆ. ತೋಪನ್ನು ಏನು ಮಾಡಿದೆ?

ಸಭಿಕರಿಗೆ ಹೇಳಬೇಕು. ದೌಲತಾಬಾದಿನ ಬುರುಜಿನ ಮೇಲೆ ಒಂದು ದೊಡ್ಡ ತೋಪಿದೆ, ಹಿಂಭಾಗದಲ್ಲಿ ಟಗರಿನ ತಲೆ. ಮಕ್ಕಳನ್ನು ಅದರ ಪಕ್ಕ ನಿಲ್ಲಿಸಿ ಫೋಟೊ ತೆಗೆಯದವರು ಇಲ್ಲಿ ಯಾರಿದ್ದಾರೆ? ಆ ತೋಪು ಆಟದಲ್ಲಿದೆ. ಆಡುವವನು ಅದಕ್ಕೆ ಬೆಂಕಿ ಕೊಡುತ್ತಾನೆ, ಶತ್ರುಗಳ ಇಡೀ ಸಾಲು ಹಾರಿಹೋಗುತ್ತದೆ. ಈಗ ದಿ ಪಾಯಿಂಟ್ ಟು ಬಿ ನೋಟೆಡ್: ಆ ತೋಪು ಎರಕವಾದದ್ದು ಈ ಮುತ್ತಿಗೆ ಮುಗಿದು ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಶೇಂಗಾ ಇನ್ನೂರು ವರ್ಷ ಮೊದಲು ಬಂದರೆ ಅವಮಾನ. ತೋಪು ಮುನ್ನೂರು ವರ್ಷ ಮೊದಲು ಬಂದರೆ?

ಯಶವಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

“ತೋಪ್ ತೆಗದ್ರ ಆಟಾನೇ ಉಳಿಯಂಗಿಲ್ಲರಿ ಕಾಕಾ. ಹುಡುಗ್ರು ಬರೋದೇ ಅದಕ್ಕ.”

“ಮತ್ತ ನಿಮ್ ಕಾಕುನ್ನ ತೆಗದ್ರ?”

“ಕಾಕುನ್ನ ಎಲ್ಲಿ ತೆಗಿಲತ್ತೀವಿ? ದನಿ ಅಷ್ಟೇ ಬದಲ್ ಮಾಡೋದು.”

ದನಿ ಅಷ್ಟೇ. ಸಭಿಕರೇ, ದನಿ ಅಷ್ಟೇ ಎಂಬ ಮಾತನ್ನು ಯೋಚಿಸಿ ನೋಡಿ. ಆ ಪರದೆಯ ಮೇಲಿನ ಮುಖ ಅವಳದಲ್ಲ, ಸೀರೆ ಅವಳದಲ್ಲ, ಅವಳಿಗೆ ಇಲ್ಲದ ಮೂಗುತಿ ಹಾಕಿಸಿದ್ದಾರೆ. ಅವಳದು ಎಂದು ಇದ್ದದ್ದು ದನಿ ಒಂದೇ.

ಈ ಆಟದಲ್ಲಿರುವ ಉಳಿದ ಇತಿಹಾಸವನ್ನೂ ಸ್ವಲ್ಪ ನೋಡೋಣ. ಆ ಕೋಟೆಯಲ್ಲಿ ಸಾವಿರಾರು ಕುದುರೆ, ಒಂದಕ್ಕೂ ಲದ್ದಿ ಇಲ್ಲ. ಕಂದಕದ ನೀರು ಈಜುಕೊಳದ ಹಾಗೆ ನೀಲಿ. ಶತ್ರು ಸೈನಿಕರೆಲ್ಲ ಒಂದೇ ತಾಯಿಯ ಮಕ್ಕಳ ಹಾಗೆ ಒಂದೇ ಮುಖ. ಎದೆಗೆ ಬಾಣ ನೆಟ್ಟವನು ಹಸಿರು ಎಲೆ ತಿಂದರೆ ಎದ್ದು ಓಡುತ್ತಾನೆ. ಸತ್ತವನು ಮತ್ತೆ ಮೊದಲಿನಿಂದ ಶುರು ಮಾಡುತ್ತಾನೆ. ಸತ್ತವರು ಮತ್ತೆ ಬರುತ್ತಾರೆ ಎನ್ನುವುದು ಯಾವ ಇತಿಹಾಸದಲ್ಲಿ ಬರೆದಿದೆ? ನನಗೆ ಬೇಕು ಆ ಪುಸ್ತಕ. ಇದಕ್ಕೆಲ್ಲ ಯಾರೂ ವಿಡಿಯೊ ಮಾಡಲಿಲ್ಲ.

ನಮ್ಮ ಬಿ.ಎ. ಪರೀಕ್ಷೆಯಲ್ಲಿ ತಪ್ಪದೆ ಒಂದು ಪ್ರಶ್ನೆ ಬರುತ್ತಿತ್ತು. ಎನ್ಯುಮರೇಟ್ ದಿ ಕಾಸಸ್ ಫಾರ್ ದಿ ಡೌನ್‌ಫಾಲ್ ಆಫ್, ಮುಂದೆ ಒಂದು ಸಾಮ್ರಾಜ್ಯದ ಹೆಸರು. ಯಾವ ಸಾಮ್ರಾಜ್ಯವಾದರೂ ನಾವು ಅದೇ ಉತ್ತರ ಬರೆಯುತ್ತಿದ್ದೆವು. ವೀಕ್ ಸಕ್ಸೆಸರ್ಸ್, ಎಂಪ್ಟಿ ಟ್ರೆಜರಿ, ಲ್ಯಾಕ್ ಆಫ್ ಯೂನಿಟಿ, ಇನ್ನೆರಡು ಮರೆತಿದೆ. ಎಲ್ಲಾ ಸಾಮ್ರಾಜ್ಯಗಳೂ ಅವೇ ಐದು ಕಾರಣಗಳಿಂದ ಬಿದ್ದವು, ನಾವೂ ಪಾಸಾದೆವು. ದೇವಗಿರಿ ಏಕೆ ಬಿತ್ತು? ಹಳೆಯ ಬರಹಗಳಲ್ಲಿ ಒಂದು ಸಂಗತಿ ಹೇಳುತ್ತಾರೆ. ಸೈನ್ಯದ ದೊಡ್ಡ ಭಾಗ ದೂರ ಹೋಗಿತ್ತು. ಶತ್ರು ಬಂದನೆಂದು ಗಡಿಬಿಡಿಯಲ್ಲಿ ಮೂಟೆಗಳನ್ನು ಕೋಟೆಯೊಳಕ್ಕೆ ಸಾಗಿಸಿದರು, ಧಾನ್ಯ ಎಂದು. ಹಸಿವಾದಾಗ ಬಿಚ್ಚಿ ನೋಡಿದರೆ ಉಪ್ಪು. ಮೂಟೆ ಮೂಟೆ ಉಪ್ಪು. ನಾನು ಸ್ಟೋರಿನಲ್ಲಿ ಕೆಲಸ ಮಾಡಿದವನು, ಆ ಸ್ಟೋರಿನವನ ಮುಖ ನನ್ನ ಕಣ್ಣಿಗೆ ಕಟ್ಟುತ್ತದೆ. ಅಷ್ಟು ಎತ್ತರದ ಬೆಟ್ಟ, ಅಷ್ಟು ಆಳದ ಕಂದಕ, ಕತ್ತಲೆಯ ಸುರಂಗ, ಯಾವುದೂ ಸೋಲಲಿಲ್ಲ. ಹೊಟ್ಟೆ ಸೋತಿತು.

ಆ ಉಪ್ಪಿನ ಮೂಟೆ ಆಟದಲ್ಲಿ ಎಲ್ಲಿದೆ? ಇಲ್ಲ. ಹಸಿವು ತೋರಿಸಿದರೆ ಆಡುವವರಿಗೆ ಬೇಜಾರಾಗುತ್ತದೆ ಎಂದು ಬಿಟ್ಟಿದ್ದಾರೆ. ಆಟದ ಪ್ರಕಾರ ಕೋಟೆ ಬಿದ್ದದ್ದು ಆಡುವವನ ಬೆರಳು ನಿಧಾನವಾದದ್ದಕ್ಕೆ. ಆ ಇಡೀ ಯುದ್ಧದಲ್ಲಿ, ಅಷ್ಟು ರಾಜರು, ಸೇನಾಪತಿಗಳು, ಗೂಢಚಾರರು ಮಾತಾಡುವ ಆ ಆಟದಲ್ಲಿ, ಎದುರಿಗೆ ಬಂದ ಸೈನಿಕನ ಹೊಟ್ಟೆ ಖಾಲಿಯಿದೆ ಎಂದು ತಿಳಿದವಳು ಒಬ್ಬಳೇ. ಕೋಟೆ ಏಕೆ ಬಿತ್ತು ಎಂಬುದರ ಹತ್ತಿರ ಬಂದವಳು ಅವಳೊಬ್ಬಳೇ. ಹೇಳಿ, ಇತಿಹಾಸದಲ್ಲಿ ತಪ್ಪಿದವರು ಯಾರು?

ಯಶವಂತ ಕೆಟ್ಟವನಲ್ಲ. ನನಗಾಗಿ ಒಂದು ಉಪಾಯ ಮಾಡಿದ್ದಾನೆ. ಅವಳ ಮಾತನ್ನು ಒಂದು ಪೆನ್ ಡ್ರೈವಿಗೆ ಹಾಕಿಸಿ, ಮಖಮಲ್ಲಿನ ಡಬ್ಬಿಯಲ್ಲಿಟ್ಟು ತಂದಿದ್ದಾನೆ, ಶಾಲಿನ ಜೊತೆ ಕೊಡಲು. ಬೇಕಾದಾಗ ಕೇಳಬಹುದು ಎನ್ನುತ್ತಾನೆ. ಯಶವಂತಾ, ನಿನ್ನ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಆ ಡಬ್ಬಿಯೊಳಗೆ ಅವಳು ಯಾರಿಗೆ ಉಣ್ಣು ಎಂದು ಹೇಳಬೇಕು? ನನ್ನೊಬ್ಬನಿಗೇ? ಅವಳು ಬದುಕಿದ್ದಾಗಲೂ ನನ್ನೊಬ್ಬನಿಗೇ ಎಂದೂ ಬಡಿಸಿದವಳಲ್ಲ. ಶಿವಲಿಂಗ ಬರುತ್ತಿದ್ದ, ನೀನು ಬರುತ್ತಿದ್ದೆ, ಮೀಟರ್ ನೋಡಲು ಬಂದವನೂ ಉಂಡು ಹೋಗುತ್ತಿದ್ದ. ಈಗ ಯಾವ ಯಾವ ದೇಶದ ಮಕ್ಕಳೋ ಬಾಣ ಹಿಡಿದುಕೊಂಡು ಅವಳ ಒಲೆಯ ಮುಂದೆ ಓಡಿ ಬರುತ್ತಾರೆ, ಅವಳು ತಡೆದು ನಿಲ್ಲಿಸುತ್ತಾಳೆ. ಆ ಪೆರುವಿನ ಹುಡುಗ ತಪ್ಪು ಹಿಡಿದದ್ದರ ಕೊನೆಯಲ್ಲಿ ಏನು ಬರೆದಿದ್ದ, ಯಾರಾದರೂ ಓದಿದಿರಾ? ಮಾನ್ಯಾ ನನಗೆ ಓದಿ ಹೇಳಿದಳು. ಹಿಂಡಿ ಮಾಡುವುದು ಹೇಗೆ ಎಂದು ಕೇಳಿದ್ದ. ಯಾರೂ ಉತ್ತರ ಕೊಟ್ಟಿರಲಿಲ್ಲ. ನಾನು ಹೇಳಿದೆ, ಮಾನ್ಯಾ ಇಂಗ್ಲಿಷಿನಲ್ಲಿ ಬರೆದಳು. ಬೆಳ್ಳುಳ್ಳಿ ಎಷ್ಟು ಎಂದು ನನಗೆ ಗೊತ್ತಿರಲಿಲ್ಲ, ಅಂದಾಜಿಗೆ ಹಾಕು ಎಂದು ಬರೆಸಿದೆ.

ಈಗ ನನ್ನ ಸ್ವಂತದ ಒಂದು ಮಾತು. ಪ್ರಜ್ಞಾ ಎರಡನೆಯ ಸಾಲಿನಲ್ಲಿ ಕೂತಿದ್ದಾಳೆ, ಇದನ್ನು ಹೇಳಬೇಡಿ ಎಂದು ಆಗಿನಿಂದ ಕಣ್ಣಲ್ಲೇ ಹೇಳುತ್ತಿದ್ದಾಳೆ. ನಾನು ಮುದುಕ, ನನಗೆ ದೂರದ್ದು ಕಾಣುವುದಿಲ್ಲ.

ನಾನೂ ಆ ಆಟ ಆಡುತ್ತೇನೆ. ಮಾನ್ಯಾ ಕಲಿಸಿಕೊಟ್ಟಳು. ಅಂಗಳದಲ್ಲಿ ಅವಳ ಒಲೆ, ಅದರಾಚೆ ಒಂದು ಬಾಗಿಲು. ಆ ಬಾಗಿಲು ದಾಟಿದರೆ ಕಹಳೆ ಊದುತ್ತದೆ, ಶತ್ರು ಒಳಗೆ ನುಗ್ಗುತ್ತಾನೆ, ತಿರುಗಿ ನೋಡಿದರೆ ಅಂಗಳಕ್ಕೆ ಬೆಂಕಿ ಬಿದ್ದಿರುತ್ತದೆ, ಒಲೆಯ ಹತ್ತಿರ ಯಾರೂ ಇರುವುದಿಲ್ಲ. ನಾನು ದಾಟುವುದಿಲ್ಲ. ಮಾನ್ಯಾ ಮೊದಮೊದಲು ನನ್ನ ಹಿಂದೆ ನಿಂತು ಅವಸರ ಮಾಡುತ್ತಿದ್ದಳು.

“ಪುಢೇ ಜಾ ನಾ, ಅಜ್ಜಾ.”

ಮುಂದೆ ಹೋಗು ಎಂದು ಎಲ್ಲರೂ ಹೇಳುತ್ತಾರೆ. ಹೋಗಿ ಏನು ಮಾಡಲಿ? ನಾನು ಬುರುಜು ಹತ್ತಿ ಇಳಿಯುತ್ತೇನೆ, ಪಾರಿವಾಳ ನೋಡುತ್ತೇನೆ, ಒಲೆಯ ಹತ್ತಿರ ಬಂದು ನಿಲ್ಲುತ್ತೇನೆ. ಅವಳು ತನ್ನ ಮಾತು ಹೇಳುತ್ತಾಳೆ. ಜಗಳದ ಮಾತಿಗೂ ರೊಟ್ಟಿಯ ಮಾತಿಗೂ ನಡುವೆ ಒಂದು ಉಸಿರಿನಷ್ಟು ಬಿಡುವು ಇದೆ, ಅಲ್ಲಿ ನಾನೂ ಒಂದು ಮಾತು ಹೇಳಬಹುದು. ಉತ್ತರ ಕೊಡದೆ ನಿಲ್ಲುವುದು ಮರ್ಯಾದೆಯಲ್ಲ ಎಂದುಕೊಂಡು ಏನಾದರೊಂದು ಹೇಳುತ್ತೇನೆ. ಪ್ರಜ್ಞಾ ಊಟಕ್ಕೆ ಕರೆಯುತ್ತಾಳೆ. ಕೆಲವು ಸಲ, ನನ್ನದು ಆಯಿತು ಎಂದುಬಿಡುತ್ತೇನೆ. ಒಂದು ದಿನ ಅವಳು ಬಂದು ನನ್ನ ಪಕ್ಕದಲ್ಲಿ ಕೂತಳು.

“ಅಪ್ಪಾ, ಅವ್ವ ಅದರಾಗ ಇಲ್ಲರಿ.”

“ಎಲ್ಲೆಲ್ಲಿ ಇಲ್ಲ ಅಂತ ನಂಗೂ ಗೊತ್ತದವ್ವ.”

ಹೊಸದು ಬರಲಿ, ಅಪ್ಪ ಎದ್ದು ಹೊರಗೆ ನಾಲ್ಕು ಜನರ ಜೊತೆ ಬೆರೆಯಲಿ ಎಂದು ಅವಳ ಆಸೆ. ತಪ್ಪಲ್ಲ. ವೈರು ಕಿತ್ತಿಟ್ಟರೆ ಹಳೆಯದೇ ಉಳಿಯುವುದೇ ಎಂದು ಮಾನ್ಯಾಳನ್ನು ಕೇಳಿದ್ದೆ. ಇಲ್ಲ, ಹೊಸದನ್ನು ಹಾಕಿಕೊಳ್ಳದೆ ಆಟ ತೆರೆಯುವುದೇ ಇಲ್ಲವಂತೆ. ಆದ್ದರಿಂದ ಇದು ಹಳೆಯ ಫೋಟೊ ಎತ್ತಿಟ್ಟುಕೊಂಡ ಹಾಗಲ್ಲ. ಇವತ್ತು ಹೋದರೆ ಹೋಯಿತು.

ಸಭಿಕರೇ, ಪುಸ್ತಕಗಳಲ್ಲಿ ದೇವಗಿರಿ ಬಿದ್ದಿದೆ. ಪರೀಕ್ಷೆಯಲ್ಲಿ ನಾನೇ ಬೀಳಿಸಿ ಅಂಕ ತೆಗೆದುಕೊಂಡಿದ್ದೇನೆ. ಆದರೆ ನಾಸಿಕ್ ರೋಡಿನ ನಮ್ಮ ಮನೆಯ ಒಳಕೋಣೆಯಲ್ಲಿ ಅದು ಈ ಹೊತ್ತಿನವರೆಗೂ ಬಿದ್ದಿಲ್ಲ. ಇದಕ್ಕಿಂತ ದೊಡ್ಡ ಐತಿಹಾಸಿಕ ತಪ್ಪು ಆ ಆಟದಲ್ಲಿ ಬೇರೆ ಇಲ್ಲ. ಅದನ್ನು ಮಾಡುತ್ತಿರುವವನು ನಾನು. ಯಾರು ಬೇಕಾದರೂ ನನ್ನ ಮೇಲೆ ಅರ್ಧ ಗಂಟೆಯ ವಿಡಿಯೊ ಮಾಡಲಿ.

ಕೊನೆಯದಾಗಿ, ಲಾಸ್ಟ್ ಬಟ್ ನಾಟ್ ಲೀಸ್ಟ್. ಇತಿಹಾಸ ಎಂದರೆ ನಡೆದದ್ದು, ಹೌದೋ ಅಲ್ಲವೋ? ಆ ಆಟದಲ್ಲಿ ಹಾರುವ ಬಾಣ ಯಾರೂ ಬಿಟ್ಟದ್ದಲ್ಲ. ಬೀಳುವ ಹೆಣ ಯಾರದೂ ಅಲ್ಲ. ಸೇನಾಪತಿಯ ಗರ್ಜನೆ ಮುಂಬೈಯ ಯಾರೋ ಕಾಗದ ನೋಡಿ ಗರ್ಜಿಸಿದ್ದು. ಆದರೆ ವಾಳೂಜಿನ ಒಂದು ಶೆಡ್ಡಿನ ಮೇಲೆ, ಹಸಿದು ಜಗಳಕ್ಕೆ ಹೊರಟ ಒಬ್ಬ ಮನುಷ್ಯನ ತೋಳು ಹಿಡಿದು ಒಬ್ಬ ಹೆಂಗಸು ಉಂಡು ಹೋಗು ಎಂದಳು. ಅವನು ಕೂತ. ತಿಂದ. ಜಗಳ ಆಗಲಿಲ್ಲ. ಇದು ನಡೆದದ್ದು. ನಾನು ನೋಡಿದ್ದೇನೆ, ರುಚಿತಾ ನೋಡಿದ್ದಾಳೆ, ಸ್ವರೂಪನನ್ನು ಕೇಳಿ. ಆ ಇಡೀ ಆಟದಲ್ಲಿ ನಿಜವಾಗಿ ನಡೆದದ್ದು ಇದೊಂದೇ. ಇದನ್ನು ಅಳಿಸುವುದಕ್ಕೆ ತಿದ್ದುಪಡಿ ಎಂದು ಹೆಸರಿಟ್ಟು, ಹಾರ ಹಾಕಿ, ನನ್ನ ಕೈಯಿಂದಲೇ ಗುಂಡಿ ಒತ್ತಿಸಬೇಕೆಂದು ಯೋಚಿಸಿದ್ದೀರಿ.

ನಾನು ಒತ್ತುವುದಿಲ್ಲ.

ತಪ್ಪು ಎಂದು ಬರೆಯಿರಿ, ನನ್ನ ಅಡ್ಡಿಯಿಲ್ಲ. ಒಲೆಯ ಪಕ್ಕದಲ್ಲಿ ಒಂದು ಕಲ್ಲು ನೆಟ್ಟು ದೊಡ್ಡ ಅಕ್ಷರದಲ್ಲಿ ಬರೆಯಿರಿ: ಈ ಕಾಲದಲ್ಲಿ ಶೇಂಗಾ ಇರಲಿಲ್ಲ, ಮೆಣಸಿನಕಾಯಿ ಇರಲಿಲ್ಲ, ಮಹಾನಂದಾ ಕೂಡ ಇರಲಿಲ್ಲ, ಮೂವರೂ ಇಲ್ಲೇ ಇರುತ್ತಾರೆ ಎಂದು. ತೋಪಿನ ಪಕ್ಕದಲ್ಲೂ ಅಂಥದೇ ಒಂದು ಕಲ್ಲು ನೆಡಿ. ಅಷ್ಟು ಮಾಡುವುದಾದರೆ ಆ ಶಾಲು ಕೊಡಿ, ಹೊದ್ದುಕೊಳ್ಳುತ್ತೇನೆ. ಇಲ್ಲವಾದರೆ ಅದು ನಿಮ್ಮ ಮುಂದಿನ ವರ್ಷದ ಅತಿಥಿಗೆ ಆಗುತ್ತದೆ.

ಯಶವಂತಾ, ಲ್ಯಾಪ್‌ಟಾಪು ನಿನ್ನದು, ಕಂಪನಿ ನಿನ್ನದು, ಅದರಲ್ಲಿ ದುಡಿಯುವ ಮಕ್ಕಳ ಸಂಬಳದ ಚಿಂತೆಯೂ ನಿನ್ನದು. ನನಗೆ ತಿಳಿಯದ್ದಲ್ಲ. ಒತ್ತಲೇಬೇಕಾದರೆ ನಿನ್ನ ಬೆರಳಿನಿಂದ ಒತ್ತು, ನನ್ನದನ್ನು ಕೇಳಬೇಡ. ನಾನು ಕೆಳಗಿಳಿದು ಪ್ರಜ್ಞಾಳ ಪಕ್ಕದ ಕುರ್ಚಿಯಲ್ಲಿ ಕೂರುತ್ತೇನೆ. ಎದ್ದು ಹೋಗುವುದಿಲ್ಲ, ಮುಖವನ್ನೂ ತಿರುಗಿಸುವುದಿಲ್ಲ. ಒತ್ತುವ ಮೊದಲು ಒಂದು ಸಲ ನನ್ನ ಕಡೆ ನೋಡು.

ಐದು ನಿಮಿಷ ಕೊಟ್ಟು ಅದರ ನಾಲ್ಕರಷ್ಟು ಸಹಿಸಿಕೊಂಡ ಅಧ್ಯಕ್ಷರಿಗೆ, ತಪ್ಪು ಹಿಡಿದೂ ಮರ್ಯಾದೆ ಬಿಡದ ಆ ದೂರದೇಶದ ಹುಡುಗನಿಗೆ, ನಡುವೆ ಒಬ್ಬರೂ ಮೊಬೈಲ್ ನೋಡದೆ ಕೇಳಿದ ನಿಮಗೆಲ್ಲರಿಗೂ ನಾನು ಋಣಿ. ನಮಸ್ಕಾರ.